ಜಗುಲಿಗೆ ಬಂದ ಬೆಕ್ಕು ಯಾರದು?
ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ಆಷಾಢದ ಮಳೆ ಹಿಡಿದಾಗಿನಿಂದ ನಮ್ಮ ಮನೆಯ ಜಗುಲಿಗೆ ಒಂದು ಬೀದಿಬೆಕ್ಕು ಬರುತ್ತಿದೆ. ಮೈ ಕೇಸರಿ ಬಣ್ಣ, ಎದೆ ಮತ್ತು ಪಾದಗಳು ಬಿಳಿ. ಬಾಗಿಲು ತೆರೆದ ಕೂಡಲೇ ಕಾಲಿಗೆ ಮೈ ತಿಕ್ಕುತ್ತದೆ, ಚಪ್ಪಲಿ ಗೂಡಿನ ಮೇಲೆ ಮಲಗುತ್ತದೆ. ಹಾಲು ಮತ್ತು ಮೊಸರನ್ನ ಹಾಕುತ್ತಿದ್ದೇವೆ. ನಾಲ್ಕು ದಿನಗಳಿಂದ ತೆಳ್ಳಗೆ ಭೇದಿ ಮಾಡುತ್ತಿದೆ. ಹೊಟ್ಟೆ ಸ್ವಲ್ಪ ದಪ್ಪಗಿದೆ, ಗಬ್ಬವಾಗಿರಬಹುದೇ ಎಂಬ ಸಂಶಯವಿದೆ. ಗಂಡೋ ಹೆಣ್ಣೋ ತಿಳಿಯುತ್ತಿಲ್ಲ. ಮಕ್ಕಳಿಗೆ ಸಾಕುವ ಆಸೆ. ನಮ್ಮದು ಸಸ್ಯಾಹಾರಿ ಮನೆಯಾದ್ದರಿಂದ ಮಾಂಸದ ಪಾತ್ರೆ ಒಳಗೆ ಬರಕೂಡದು ಎಂದು ಅತ್ತೆಯವರು ಹೇಳಿದ್ದಾರೆ. ಏನು ಮಾಡಬೇಕು?
— ಓದುಗರು, ಮೈಸೂರು

ಉತ್ತರ: ಹಾಲನ್ನು ಇಂದೇ ನಿಲ್ಲಿಸಿ, ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಪತ್ರದಲ್ಲಿರುವ ‘ಬೀದಿಬೆಕ್ಕು’ ಎಂಬ ಮಾತನ್ನೇ ಸ್ವಲ್ಪ ವಿಚಾರಿಸಬೇಕಾಗಿದೆ. ಬೀದಿಯಲ್ಲಿ ಕಾಣಿಸುವ ಬೆಕ್ಕುಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಮನುಷ್ಯರ ಕೈ ಸೋಕದೆ ಹಿತ್ತಿಲು, ಗೋದಾಮು, ಪಾಳುಮನೆಗಳಲ್ಲಿ ಹುಟ್ಟಿ ಬೆಳೆದವು. ಎಷ್ಟು ತಿಂಗಳು ಅನ್ನ ಹಾಕಿದರೂ ಅವು ತಟ್ಟೆಯ ಬಳಿ ಬರುವುದು ನೀವು ಬಾಗಿಲು ಹಾಕಿಕೊಂಡ ಮೇಲೆಯೇ. ಕೆಲವು ಮನೆಯಲ್ಲಿ ಬೆಳೆದು ದಾರಿ ತಪ್ಪಿದವು, ಅಥವಾ ಬಾಡಿಗೆ ಮನೆ ಖಾಲಿ ಮಾಡಿದವರು ಬಿಟ್ಟುಹೋದವು. ಇನ್ನು ಕೆಲವಕ್ಕೆ ಎರಡು ಬೀದಿಯಾಚೆ ಸ್ವಂತ ಮನೆಯೂ ಒಂದು ಹೆಸರೂ ಇದ್ದು, ಅಲ್ಲಿ ಉಂಡು ಎರಡನೆಯ ಊಟಕ್ಕೆ ನಿಮ್ಮಲ್ಲಿಗೆ ಬರುತ್ತಿರುತ್ತವೆ. ಒಂದೇ ಬೆಕ್ಕನ್ನು ಎರಡು ಮನೆಯವರು ಎರಡು ಹೆಸರಿನಲ್ಲಿ ಚಿಕಿತ್ಸೆಗೆ ತಂದು, ನನ್ನ ಕೋಣೆಯಲ್ಲೇ ಮುಖಾಮುಖಿಯಾದ ಪ್ರಸಂಗವೂ ನಡೆದಿದೆ.

ನಿಮ್ಮ ಬೆಕ್ಕು ಮೊದಲನೆಯ ಬಗೆಯದಲ್ಲ ಎಂದು ಅದರ ನಡತೆಯೇ ಹೇಳುತ್ತದೆ. ಬೆಕ್ಕಿನ ಮರಿ ಮನುಷ್ಯರಿಗೆ ಒಗ್ಗಿಕೊಳ್ಳುವುದು ಮುಖ್ಯವಾಗಿ ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಅವಧಿಯಲ್ಲಿ. ಆ ದಿನಗಳಲ್ಲಿ ಕೈ ಸೋಕದ ಮರಿ ದೊಡ್ಡದಾದ ಮೇಲೆ ಅಪರಿಚಿತರ ಕಾಲಿಗೆ ತಾನಾಗಿ ಬಂದು ಮೈ ತಿಕ್ಕುವುದು ತೀರ ಅಪರೂಪ. ಬಾಲವನ್ನು ನೆಟ್ಟಗೆ ಎತ್ತಿ, ತುದಿಯನ್ನು ಮಾತ್ರ ಕೊಂಚ ಬಾಗಿಸಿಕೊಂಡು ನಿಮ್ಮ ಕಡೆಗೆ ನಡೆದುಬರುತ್ತಿದ್ದರೆ ಈ ಬೆಕ್ಕನ್ನು ಯಾರೋ ಒಮ್ಮೆ ಎತ್ತಿ ಆಡಿಸಿದ್ದಾರೆ ಎಂದೇ ತಿಳಿಯಬಹುದು. ಆದ್ದರಿಂದ ನೀವು ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನು ಸಾಕಬಹುದೇ ಎಂದಲ್ಲ, ಇದನ್ನು ಯಾರಾದರೂ ಹುಡುಕುತ್ತಿದ್ದಾರೆಯೇ ಎಂದು.

ಇದಕ್ಕೆ ಖರ್ಚಿಲ್ಲದ ಉಪಾಯವೊಂದಿದೆ. ಬೆಕ್ಕಿಗೆ ಗಂಟೆ ಕಟ್ಟುವುದು ಇಲಿಗಳ ಕಷ್ಟ. ಕಾಗದ ಕಟ್ಟುವುದು ನಿಮ್ಮಿಂದ ಆಗುವ ಕೆಲಸ. ನೋಟ್‌ಬುಕ್ಕಿನ ಹಾಳೆಯಿಂದ ಒಂದು ಅಂಗುಲ ಅಗಲದ ಪಟ್ಟಿ ಕತ್ತರಿಸಿ, ‘ಈ ಬೆಕ್ಕು ನಿಮ್ಮದೇ? ದಯವಿಟ್ಟು ತಿಳಿಸಿ’ ಎಂದು ಬರೆದು, ಕೆಳಗೆ ದೂರವಾಣಿ ಸಂಖ್ಯೆ ನಮೂದಿಸಿ, ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಾಗಿ ಕುತ್ತಿಗೆಗೆ ಸುತ್ತಿ ತುದಿಗಳನ್ನು ಅಂಟಿಸಿ. ಎಲ್ಲಿಯಾದರೂ ಸಿಕ್ಕಿಕೊಂಡರೆ ಕಾಗದ ಹರಿದುಹೋಗುತ್ತದೆ, ಬೆಕ್ಕಿಗೆ ಅಪಾಯವಿಲ್ಲ. ದಾರ, ರಬ್ಬರ್ ಬ್ಯಾಂಡ್, ರಿಬ್ಬನ್ನುಗಳನ್ನು ಮಾತ್ರ ಎಂದಿಗೂ ಕಟ್ಟಬೇಡಿ. ಅವು ಚರ್ಮದೊಳಗೆ ಹೂತು ಹುಳು ಬಿದ್ದಿದ್ದ ಕುತ್ತಿಗೆಗಳಿಗೆ ನಾನು ಹೊಲಿಗೆ ಹಾಕಿದ್ದೇನೆ. ಮಳೆಯಲ್ಲಿ ಕಾಗದ ನೆನೆದು ಹೋದರೆ ಮತ್ತೊಂದು ಕಟ್ಟಿ, ವಾರ ಹತ್ತು ದಿನ ಕಾಯಿರಿ. ಈ ನಡುವೆ ಹಾಲು ಹಾಕುವವರು, ಪತ್ರಿಕೆ ಹಂಚುವ ಹುಡುಗ, ಹೂವಿನವರು ಇವರನ್ನು ವಿಚಾರಿಸಿ. ಯಾರ ಮನೆಯಲ್ಲಿ ಯಾವ ಬೆಕ್ಕಿದೆ ಎಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿದಿರುವುದಿಲ್ಲ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಚಿತ್ರ ಹಾಕುವಾಗ ಒಂದು ಗುರುತನ್ನು, ಹಿಂಗಾಲಿನ ಮಚ್ಚೆಯನ್ನೋ ಅಂಗಾಲಿನ ಬಣ್ಣವನ್ನೋ, ಹೊರಗೆ ಹೇಳದೆ ಇಟ್ಟುಕೊಳ್ಳಿ. ತಮ್ಮದೆಂದು ಬಂದವರು ಅದನ್ನು ತಾವಾಗಿಯೇ ಹೇಳಿದರೆ ನಂಬಬಹುದು.

ಇನ್ನು ಮೈಮೇಲಿನ ಗುರುತುಗಳು. ಒಂದು ಕಿವಿಯ ತುದಿ, ಸಾಮಾನ್ಯವಾಗಿ ಎಡಗಿವಿಯದು, ಕತ್ತರಿಯಿಂದ ನೇರವಾಗಿ ಕತ್ತರಿಸಿ ತೆಗೆದಂತಿದ್ದರೆ ಅದು ಜಗಳದ ಗಾಯವಲ್ಲ. ಬೆಕ್ಕಿಗೆ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದಕ್ಕೆ, ಅರಿವಳಿಕೆಯಲ್ಲಿರುವಾಗಲೇ ಮಾಡಿಟ್ಟ ಗುರುತು. ಜಗಳದಲ್ಲಿ ಹರಿದ ಕಿವಿಯ ಅಂಚು ಗರಗಸದ ಹಲ್ಲಿನಂತೆ ಅಡ್ಡಾದಿಡ್ಡಿಯಾಗಿರುತ್ತದೆ. ಕೆಲವು ಸಾಕುಬೆಕ್ಕುಗಳ ಹೆಗಲ ನಡುವೆ, ಚರ್ಮದ ಕೆಳಗೆ, ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಇರುತ್ತದೆ. ನಮ್ಮಲ್ಲಿ ಇದರ ಬಳಕೆ ಇನ್ನೂ ಕಡಿಮೆ. ಆದರೂ ವೈದ್ಯರ ಬಳಿ ಓದುವ ಯಂತ್ರವಿದ್ದರೆ ಒಮ್ಮೆ ಆಡಿಸಿ ನೋಡಲು ಹೇಳಿ. ಅರ್ಧ ನಿಮಿಷದ ಕೆಲಸ.

ಗಂಡೋ ಹೆಣ್ಣೋ ತಿಳಿಯಲು ಬಾಲವೆತ್ತಿ ನೋಡಬೇಕು. ಮಲದ್ವಾರದ ಕೆಳಗೆ ಬಹಳ ಹತ್ತಿರದಲ್ಲಿ ಒಂದು ಸಣ್ಣ ಸೀಳು ಕಂಡರೆ ಹೆಣ್ಣು. ಎರಡರ ನಡುವೆ ಒಂದು ಅಂಗುಲದಷ್ಟು ಅಂತರವಿದ್ದು, ಕೆಳಗಿನದು ದುಂಡನೆಯ ಚುಕ್ಕೆಯಂತಿದ್ದರೆ ಗಂಡು. ಶಸ್ತ್ರಚಿಕಿತ್ಸೆ ಆಗದ ಗಂಡಿನಲ್ಲಿ ಆ ಅಂತರದಲ್ಲಿ ಬೀಜಗಳು ಎದ್ದು ಕಾಣುತ್ತವೆ. ನೋಡಲು ಬಿಡದಿದ್ದರೆ ಬಣ್ಣದಿಂದ ಊಹಿಸಬಹುದು. ಕೇಸರಿ ಬೆಕ್ಕುಗಳಲ್ಲಿ ಸುಮಾರು ಐದಕ್ಕೆ ನಾಲ್ಕು ಗಂಡು. ಈ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಗಂಡಿಗೆ ಅದರ ಒಂದು ಪ್ರತಿ ಸಾಕು, ಹೆಣ್ಣಿಗೆ ಎರಡು ಬೇಕು. ಒಂದೇ ಪ್ರತಿ ಪಡೆದ ಹೆಣ್ಣು ಕಪ್ಪು ಕೇಸರಿ ಬೆರೆತ ಮೈಯದಾಗುತ್ತದೆ. ಅಂಥ ಬೆಕ್ಕು ಗಂಡಾಗಿರುವುದು ಬಹಳ ವಿರಳ. ಇಷ್ಟು ವಿಷಯ ನೂರು ವರ್ಷಗಳಿಂದ ತಿಳಿದಿದ್ದರೂ, ಯಾವ ಜೀನ್ ಎಂಬುದನ್ನು ಜಪಾನಿನ ಕ್ಯೂಶು ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಖಚಿತವಾಗಿ ಪ್ರಕಟಿಸಿದ್ದು 2025ರಲ್ಲಿ ಮಾತ್ರ. ನಿಮ್ಮದು ಗಂಡಾಗಿದ್ದರೆ ಗಬ್ಬದ ಸಂಶಯ ಅಲ್ಲಿಗೇ ಮುಗಿಯಿತು. ದಪ್ಪ ಹೊಟ್ಟೆಗೆ ಜಂತುಹುಳುವೇ ಕಾರಣವಿರಬಹುದು. ಹೆಣ್ಣಾಗಿದ್ದರೆ ಮೊಲೆತೊಟ್ಟುಗಳನ್ನು ನೋಡಿ. ಗಬ್ಬ ನಿಂತ ಸುಮಾರು ಮೂರು ವಾರಕ್ಕೆ ಅವು ಉಬ್ಬಿ ನಸುಗೆಂಪಾಗುತ್ತವೆ, ಐದನೆಯ ವಾರದ ಹೊತ್ತಿಗೆ ಹೊಟ್ಟೆ ಕಾಣಿಸಿಕೊಳ್ಳುತ್ತದೆ, ಸುಮಾರು 63ರಿಂದ 65 ದಿನಗಳಿಗೆ ಮರಿ ಹಾಕುತ್ತದೆ. ಹೊಟ್ಟೆಯನ್ನು ಒತ್ತಿ ನೋಡುವುದು ಬೇಡ, ಅದನ್ನು ವೈದ್ಯರಿಗೆ ಬಿಡಿ.

ಈಗ ಹಾಲಿನ ವಿಷಯ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿದ್ದು ಬಾಯಿ ಸುಟ್ಟ ನೆನಪಿನಿಂದ. ನಿಮ್ಮ ಬೆಕ್ಕಿಗೆ ಓಡಬೇಕಾದ ಕಾರಣ ಹೊಟ್ಟೆಯಲ್ಲಿದೆ. ಮೊಲೆ ಬಿಟ್ಟ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬಹುಮಟ್ಟಿಗೆ ಕುಂದಿರುತ್ತದೆ. ಅರಗದ ಸಕ್ಕರೆ ಕರುಳಿನಲ್ಲಿ ಹುಳಿತು ಭೇದಿಯಾಗುತ್ತದೆ. ಒಂದು ಚಮಚ ಮೊಸರಿನಿಂದ ಕೇಡಿಲ್ಲ, ಮೊಸರನ್ನವೇ ಊಟವಾದರೆ ಕೇಡಿದೆ. ಬೆಕ್ಕು ಮಾಂಸವನ್ನೇ ನಂಬಿದ ಪ್ರಾಣಿ. ಟಾರೀನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಅನ್ನ ಬೇಳೆ ತರಕಾರಿಗಳಲ್ಲಿ ಅದು ಇಲ್ಲವೆಂದೇ ಹೇಳಬೇಕು. 1975ರಲ್ಲಿ ಅಮೆರಿಕದ ವಿಜ್ಞಾನಿಗಳು, ಹಾಲಿನ ಪ್ರೋಟೀನಾದ ಕೇಸೀನನ್ನೇ ಆಧಾರವಾಗಿಟ್ಟುಕೊಂಡ ಆಹಾರ ತಿಂದ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ಹಾಳಾದದ್ದು ಟಾರೀನ್ ಕೊರತೆಯಿಂದ ಎಂದು ತೋರಿಸಿದರು. 1987ರಲ್ಲಿ ಇದೇ ಕೊರತೆಯಿಂದ ಹೃದಯದ ಸ್ನಾಯು ಸಡಿಲಗೊಳ್ಳುವ ರೋಗ ಬರುತ್ತದೆಂದು ಕ್ಯಾಲಿಫೋರ್ನಿಯಾದಲ್ಲಿ ಗೊತ್ತಾಯಿತು. ನಾಯಿಯ ಆಹಾರವೂ ಇದಕ್ಕೆ ಬದಲಿಯಲ್ಲ.

ಅತ್ತೆಯವರಿಗೆ ಈ ಮಾತನ್ನು ಹೇಳಿ: ಅಡುಗೆಮನೆಯಲ್ಲಿ ಏನನ್ನೂ ಬೇಯಿಸಬೇಕಾಗಿಲ್ಲ. ಬೆಕ್ಕಿಗೆಂದೇ ತಯಾರಿಸಿದ, ಟಾರೀನ್ ಸೇರಿಸಿದ ಒಣ ಆಹಾರ ಪೊಟ್ಟಣಗಳಲ್ಲಿ ಸಿಗುತ್ತದೆ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 50ರಿಂದ 60 ಗ್ರಾಂ ಸಾಕು. ಎರಡು ಸಲ ಹಂಚಿ, ಜಗುಲಿಯಲ್ಲೇ ಬೇರೆ ತಟ್ಟೆಯಲ್ಲಿ ಹಾಕಿ, ಪಕ್ಕದಲ್ಲಿ ನೀರಿಡಿ. ಪೊಟ್ಟಣದಲ್ಲಿ ಮೀನೋ ಕೋಳಿಯೋ ಇರುವುದು ನಿಜ, ಅದನ್ನು ಮುಚ್ಚಿಟ್ಟು ಅವರನ್ನು ಒಪ್ಪಿಸಬೇಡಿ. ಅದೂ ಬೇಡವೆಂದಾದರೆ ಬೆಕ್ಕನ್ನು ಮಾಂಸಾಹಾರಿಗಳ ಮನೆಗೆ ಕೊಡುವುದೇ ನ್ಯಾಯ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ನಮ್ಮ ವ್ರತವನ್ನು ಬೆಕ್ಕಿನ ಮೇಲೆ ಹೇರುವುದು ಸರಿಯಲ್ಲ. ಬೆಕ್ಕು ಪಾಯಸಕ್ಕೂ ಬಾಯಿ ಹಾಕುತ್ತದಲ್ಲ ಎಂದು ಅವರು ಕೇಳಬಹುದು. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ. ಅದು ಬಂದದ್ದು ತುಪ್ಪಕ್ಕೆ.

ಹತ್ತು ದಿನ ಕಾದರೂ ಯಾರೂ ಬಾರದಿದ್ದರೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಭೇದಿ ಮಾತ್ರ ಹಾಲು ನಿಲ್ಲಿಸಿದ ಎರಡು ದಿನಕ್ಕೂ ನಿಲ್ಲದಿದ್ದರೆ ಅಷ್ಟು ದಿನ ಕಾಯಬೇಡಿ. ಸ್ಕೂಟರಿನ ಮೇಲೆ ಕೈಯಲ್ಲಿ ಹಿಡಿದು ಹೋಗುವುದು ಬೇಡ. ಮುಚ್ಚಳವಿರುವ ಗಾಳಿಯಾಡುವ ಬುಟ್ಟಿಯನ್ನು ಎರಡು ದಿನ ಮೊದಲೇ ಜಗುಲಿಯಲ್ಲಿಟ್ಟು, ಅದರೊಳಗೇ ಊಟ ಹಾಕಿ ಅಭ್ಯಾಸ ಮಾಡಿಸಿ. ಮೊದಲ ಭೇಟಿಯಲ್ಲಿ ಜಂತುಹುಳುವಿಗೂ ಚಿಗಟಕ್ಕೂ ಔಷಧಿ, ರೇಬೀಸ್ ಲಸಿಕೆ, ಬೆಕ್ಕಿನ ಮೂರು ವೈರಸ್ ರೋಗಗಳ ಲಸಿಕೆಯ ಮೊದಲ ಸೂಜಿ ಇವಿಷ್ಟರ ಬಗ್ಗೆ ಕೇಳಿ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಎರಡು ವಾರ ಬೇರೆ ಕೋಣೆಯಲ್ಲಿಡಬೇಕು. ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ, ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು, ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಒಂದು ಹೆರಿಗೆಯಾದರೂ ಆಗಲಿ ಎಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ನಗರದಲ್ಲಿ ಖಾಸಗಿ ವೆಚ್ಚ ಹೊರೆಯೆನಿಸುವವರು ಸರ್ಕಾರಿ ಪಶು ಆಸ್ಪತ್ರೆಯನ್ನೂ, ಹತ್ತಿರವಿರುವವರು ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರಿನ ಪಶುವೈದ್ಯಕೀಯ ಕಾಲೇಜುಗಳ ಚಿಕಿತ್ಸಾಲಯಗಳನ್ನೂ ವಿಚಾರಿಸಬಹುದು.

ಮನೆಯ ಔಷಧಿ ಪೆಟ್ಟಿಗೆಯ ಬಗ್ಗೆ ಒಂದು ಮಾತು ಹೇಳದೆ ಬಿಡಲಾರೆ. ಜ್ವರವಿದೆಯೆಂದು ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ನಾಯಿಯ ಚಿಗಟಕ್ಕೆ ಬಳಸುವ, ಪರ್ಮೆಥ್ರಿನ್ ಇರುವ ಹನಿಮದ್ದೂ ಹಾಗೆಯೇ. ಫಿನಾಯಿಲ್ ಸುರಿದು ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ ಎಂಬುದನ್ನೂ ನೆನಪಿಡಿ. ಬಂದ ದಿನವೇ ಸ್ನಾನ ಮಾಡಿಸುವ ಉತ್ಸಾಹವನ್ನು ಮಕ್ಕಳು ತೋರಿಸುತ್ತಾರೆ. ತಡೆಯಿರಿ, ಅದರ ಸ್ನಾನವನ್ನು ಅದೇ ಮಾಡಿಕೊಳ್ಳುತ್ತದೆ.

ಪ್ರಶ್ನೆ: ದಿನವೂ ಬಂದು ಮುದ್ದು ಮಾಡಿಸಿಕೊಳ್ಳುವ ಬೀದಿಬೆಕ್ಕು ಮೊನ್ನೆ ಹೊಟ್ಟೆ ಸವರುವಾಗ ನನ್ನ ಕೈಯನ್ನು ಪರಚಿತು. ಸ್ವಲ್ಪ ರಕ್ತ ಬಂತು. ಅರಿಸಿನ ಹಚ್ಚಿದ್ದೇನೆ. ಬೆಕ್ಕು ಚೆನ್ನಾಗಿಯೇ ಇದೆ. ಸೂಜಿ ಹಾಕಿಸಿಕೊಳ್ಳಬೇಕೇ?
— ಓದುಗರು, ಸಾಗರ

ಉತ್ತರ: ಹಾಕಿಸಿಕೊಳ್ಳಬೇಕು, ಮತ್ತು ಈ ಸಂಚಿಕೆ ನಿಮ್ಮ ಕೈಸೇರುವವರೆಗೆ ಕಾಯಬಾರದೆಂದು ನಿಮಗೆ ಪತ್ರದ ಮೂಲಕ ಮೊದಲೇ ತಿಳಿಸಿದ್ದೇವೆ. ರೇಬೀಸ್ ನಾಯಿಯಿಂದ ಮಾತ್ರ ಬರುವುದೆಂಬ ನಂಬಿಕೆ ತಪ್ಪು. ಬೆಕ್ಕಿನ ಕಡಿತದಿಂದಲೂ ಪರಚಿನಿಂದಲೂ ಬರಬಹುದು, ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ. ಪರಚಿದ ಕೂಡಲೇ ಮಾಡಬೇಕಾದದ್ದು ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಪೂರಾ 15 ನಿಮಿಷ ತೊಳೆಯುವುದು. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ರಕ್ತ ಬಾರದ ಸಣ್ಣ ಗೀರಿಗೆ ಲಸಿಕೆ ಸಾಕು. ನಿಮ್ಮಂತೆ ರಕ್ತ ಬಂದಿದ್ದರೆ ಅದು ಮೂರನೆಯ, ಅಂದರೆ ಅತಿ ಹೆಚ್ಚು ಅಪಾಯದ ವರ್ಗದ ಗಾಯ, ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೋಗಾಣುವನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು) ಕೂಡ ಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ. ಲಸಿಕೆಯನ್ನು ಚರ್ಮದ ಪದರದೊಳಗೆ ಕೊಡುವುದಾದರೆ 0 (ಅಂದರೆ ಮೊದಲ ಸೂಜಿಯ ದಿನ), 3, 7, 28ನೆಯ ದಿನ; ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರಿ ಐದು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯ ಹಿರಿಯರಲ್ಲಿ ಇನ್ನೂ ಉಳಿದಿದೆ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ ಎರಡು ದಶಕದ ಹಿಂದೆಯೇ ನಿಂತುಹೋಗಿದೆ. ಈಗಿನದು ತೋಳಿಗೆ, ಪಥ್ಯವೂ ಇಲ್ಲ.

ಬೆಕ್ಕನ್ನು ಹತ್ತು ದಿನ ಕಣ್ಣಳತೆಯಲ್ಲಿಡಿ. ಪರಚಿದ ದಿನ ಅದರ ಜೊಲ್ಲಿನಲ್ಲಿ ರೋಗಾಣುವಿದ್ದಿದ್ದರೆ ಅಷ್ಟರೊಳಗೆ ಅದು ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನ ಆರೋಗ್ಯವಾಗಿ ಉಳಿದರೆ ಮುಂದಿನ ಸೂಜಿಗಳ ಬಗ್ಗೆ ವೈದ್ಯರು ತೀರ್ಮಾನ ಹೇಳುತ್ತಾರೆ. ಆದರೆ ಮೊದಲ ಸೂಜಿಗೆ ಹತ್ತು ದಿನ ಕಾಯುವಂತಿಲ್ಲ. ಅದು ಮಾಯವಾದರೆ ಸೂಜಿಗಳನ್ನು ಪೂರ್ತಿ ಮಾಡಲೇಬೇಕು.

ಬೆಕ್ಕು ಬೆನ್ನ ಮೇಲೆ ಉರುಳಿ ಹೊಟ್ಟೆ ತೋರಿಸಿದ್ದು ಸವರಿ ಎಂಬ ಆಹ್ವಾನವಲ್ಲ, ನಿಮ್ಮ ಮುಂದೆ ತನಗೆ ಭಯವಿಲ್ಲ ಎಂಬ ಸೂಚನೆ ಮಾತ್ರ. ಕೆನ್ನೆ, ಗದ್ದ, ಕಿವಿಯ ಬುಡ ಇವಿಷ್ಟೇ ಪರಿಚಯದ ಹೊಸತರಲ್ಲಿ ಮುಟ್ಟಬಹುದಾದ ಜಾಗಗಳು. ಬಾಲ ನೆಲಕ್ಕೆ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಮಡಿದರೆ, ಬೆನ್ನ ಚರ್ಮ ಅದುರಿದರೆ ಕೈ ತೆಗೆಯಿರಿ. ಕಚ್ಚುವ ಮುನ್ನ ಬೆಕ್ಕು ಇಷ್ಟು ಸಲ ಹೇಳಿರುತ್ತದೆ, ನಾವು ನೋಡಿರುವುದಿಲ್ಲ.

ಪ್ರಶ್ನೆ: ನಮ್ಮ ಹಿತ್ತಿಲಿಗೆ ಬಂದು ನೆಲೆಸಿದ ಸಾಧು ಬೆಕ್ಕಿಗೆ ಎರಡು ವರ್ಷದಿಂದ ಊಟ ಹಾಕುತ್ತಿದ್ದೇನೆ. ಐದು ತಿಂಗಳ ಬಸುರಿ ಮಗಳು ಹೆರಿಗೆಗೆ ಮನೆಗೆ ಬರಲಿದ್ದಾಳೆ. ಬೆಕ್ಕಿನಿಂದ ಗರ್ಭಕ್ಕೆ ತೊಂದರೆ, ಅದನ್ನು ಎಲ್ಲಾದರೂ ಬಿಟ್ಟುಬನ್ನಿ ಎಂದು ಬೀಗರು ಒತ್ತಾಯಿಸುತ್ತಿದ್ದಾರೆ.
— ಓದುಗರು, ಧಾರವಾಡ

ಉತ್ತರ: ಬೀಗರ ಆತಂಕಕ್ಕೆ ಕಾರಣವಿದೆ, ಅವರು ಹೇಳಿದ ಪರಿಹಾರಕ್ಕಿಲ್ಲ. ಅವರು ಹೇಳುತ್ತಿರುವುದು ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ವಿಷಯ. ಗರ್ಭಿಣಿಗೆ ಇದು ಮೊದಲ ಸಲ ತಗುಲಿದರೆ ಮಗುವಿಗೆ ಹಾನಿಯಾಗಬಹುದು. ಬೆಕ್ಕಿನ ಮಲದಲ್ಲಿ ಅದರ ಬೀಜಕೋಶಗಳು ಹೊರಬೀಳುತ್ತವೆ, ಆದರೆ ಸಾಮಾನ್ಯವಾಗಿ ಬೆಕ್ಕಿಗೆ ಮೊದಲು ಸೋಂಕು ತಗುಲಿದಾಗ ಒಂದೆರಡು ವಾರ ಮಾತ್ರ. ಹೊರಬಿದ್ದ ಬೀಜಕೋಶ ರೋಗ ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಹೀಗಾಗಿ ದಿನವೂ ಮಲ ತೆಗೆದರೆ, ಆ ಕೆಲಸವನ್ನು ಮಗಳ ಬದಲು ಮನೆಯ ಬೇರೆಯವರು ಮಾಡಿದರೆ, ಬೆಕ್ಕಿನ ಕಡೆಯ ಅಪಾಯ ಬಹುಪಾಲು ತಪ್ಪುತ್ತದೆ. ಬೆಕ್ಕನ್ನು ಸವರುವುದರಿಂದ ಇದು ಬರುವ ಸಂಭವ ಬಹಳ ಕಡಿಮೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಬರಿಗೈಯಲ್ಲಿ ಮಣ್ಣು ಕೆದಕುವುದು ಇವೇ ಹೆಚ್ಚು ಎಚ್ಚರ ಬೇಕಾದ ದಾರಿಗಳು. ಹಿತ್ತಿಲ ಬೆಕ್ಕಾದ್ದರಿಂದ ಅದು ಮಣ್ಣಿನಲ್ಲೇ ಮಲ ಹೂಳುತ್ತದೆ. ಮಗಳು ಮೆಂತ್ಯ ಕಿತ್ತು ತರಲು ಪಾತಿಗೆ ಇಳಿಯುವುದು ಬೇಡ, ಬುಡಕ್ಕೆ ನೀರು ಬಿಡುವುದೂ ಬೇಡ. ಹಿತ್ತಿಲ ಮೂಲೆಯಲ್ಲಿ ಮಳೆ ಬೀಳದ ಕಡೆ ಒಂದು ಅಗಲ ಬೋಗುಣಿಯಲ್ಲಿ ಮರಳು ಹಾಕಿಟ್ಟರೆ ಬೆಕ್ಕುಗಳು ಅದನ್ನೇ ಮೆಚ್ಚುವುದುಂಟು, ನಿಮಗೂ ದಿನವೂ ತೆಗೆಯಲು ಸುಲಭ. ಬೆಕ್ಕಿಗೆ ಹಸಿಮಾಂಸ ಹಾಕಬೇಡಿ. ಮಗಳ ರಕ್ತಪರೀಕ್ಷೆಯ ಅಗತ್ಯವನ್ನು ಆಕೆಯ ಪ್ರಸೂತಿ ವೈದ್ಯರು ಹೇಳುತ್ತಾರೆ.

ಇದಕ್ಕಿಂತ ಮೊದಲು ಬೆಕ್ಕಿನ ಕಿವಿ ಮತ್ತು ಮುಂಗಾಲುಗಳಲ್ಲಿ ಕೂದಲು ಉದುರಿದ ದುಂಡು ಕಲೆಗಳಿವೆಯೇ ನೋಡಿ. ಇದ್ದರೆ ಗಜಕರ್ಣ, ಅದು ಮನುಷ್ಯರಿಗೂ ಹತ್ತುತ್ತದೆ, ಕೂಸಿಗೆ ಬೇಗ ಹತ್ತುತ್ತದೆ. ಔಷಧಿಗೆ ವಾರಗಳೇ ಹಿಡಿಯುವುದರಿಂದ ಈಗಲೇ ಆರಂಭಿಸಿ. ಬೆಕ್ಕು ಕೂಸಿನ ಉಸಿರು ಹೀರುತ್ತದೆ ಎಂಬುದು ಕಟ್ಟುಕಥೆ. ಆದರೂ ಬೆಚ್ಚಗಿನ ಜಾಗ ಹುಡುಕಿ ತೊಟ್ಟಿಲಿಗೆ ಹತ್ತುವುದು ನಿಜವಾದ್ದರಿಂದ, ಬಾಣಂತಿ ಕೋಣೆಯ ಬಾಗಿಲು ಹಾಕಿರುವ ಪದ್ಧತಿಯನ್ನು ಮಗಳು ಬರುವ ಮೊದಲೇ ರೂಢಿಸಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಾಲ್ಕು ಬೆಕ್ಕುಗಳಿವೆ. ನಾವು ಕೆಲವರು ಊಟ ಹಾಕುತ್ತೇವೆ. ಅವನ್ನು ಹಿಡಿದು ಊರಾಚೆ ಬಿಡಿಸುವುದಾಗಿ ಸಂಘದವರು ಸೂಚನೆ ಅಂಟಿಸಿದ್ದಾರೆ. ಕಾರುಗಳ ಮೇಲೆ ಪರಚಿದ ಗುರುತು ಮತ್ತು ದುರ್ವಾಸನೆ ಅವರ ದೂರು.
— ಓದುಗರು, ಬೆಂಗಳೂರು

ಉತ್ತರ: ಕಾನೂನು ನಿಮ್ಮ ಕಡೆಗಿದೆ. ಯಾರೂ ತಮ್ಮದೆಂದು ಹೇಳದ, ಆ ನೆರೆಹೊರೆಯಲ್ಲೇ ಹುಟ್ಟಿದ ಪ್ರಾಣಿಗಳನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಮುದಾಯದ ಪ್ರಾಣಿಗಳೆಂದು ಕರೆಯುತ್ತವೆ. ಅವುಗಳಿಗೆ ಆಹಾರ ಹಾಕಲು ತಕ್ಕ ಏರ್ಪಾಟು ಮಾಡುವ ಹೊಣೆಯನ್ನು 20ನೆಯ ನಿಯಮ ನಿವಾಸಿಗಳ ಸಂಘದ ಮೇಲೆಯೇ ಇರಿಸಿದೆ. ಈ ಸಾಲುಗಳನ್ನು ಮುದ್ರಿಸಿ ಸಂಘಕ್ಕೆ ಕೊಡಿ. ಆದರೆ ಅಲ್ಲಿಗೇ ನಿಲ್ಲಿಸಿದರೆ ನೀವು ವಾದದಲ್ಲಿ ಗೆದ್ದು ನೆರೆಯವರನ್ನು ಕಳೆದುಕೊಳ್ಳುತ್ತೀರಿ, ಏಕೆಂದರೆ ಅವರ ದೂರು ಸುಳ್ಳಲ್ಲ. ಆ ದುರ್ವಾಸನೆ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆ ಆಗದ ಗಂಡುಬೆಕ್ಕುಗಳು ಎಲ್ಲೆ ಗುರುತಿಸಲು ಗೋಡೆ ಚಕ್ರಗಳಿಗೆ ಚಿಮ್ಮಿಸುವ ಮೂತ್ರದ್ದು. ರಾತ್ರಿಯ ಕಿರುಚಾಟವೂ ಅವುಗಳದೇ ಜಗಳ. ನಾಲ್ಕಕ್ಕೂ ಶಸ್ತ್ರಚಿಕಿತ್ಸೆ ಮಾಡಿಸಿ, ಕಿವಿಯ ಗುರುತು ಹಾಕಿಸಿ, ಅದೇ ಜಾಗಕ್ಕೆ ಮರಳಿ ಬಿಡಿ. ಗಂಡಿನ ಮೂತ್ರದ ವಾಸನೆ ತಗ್ಗಲು ಕೆಲವು ವಾರ ಬೇಕೆಂದು ಸಂಘಕ್ಕೆ ಮೊದಲೇ ಹೇಳಿಡಿ.

ಊರಾಚೆ ಬಿಡುವುದರಿಂದ ಸಂಘಕ್ಕೂ ಲಾಭವಿಲ್ಲ. ಕಸದ ಜಾಗ, ಇಲಿ, ಬೆಚ್ಚಗಿನ ನೆಲಮಾಳಿಗೆ ಇರುವಲ್ಲಿಗೆ ಬೇರೆ ಬೆಕ್ಕುಗಳು ಬಂದೇ ಬರುತ್ತವೆ, ಬರುವವು ಶಸ್ತ್ರಚಿಕಿತ್ಸೆ ಆಗದವು. ಗೋಣಿಚೀಲದಲ್ಲಿ ಕಟ್ಟಿ ಒಯ್ದು ಬಿಟ್ಟ ಬೆಕ್ಕಿಗೆ ಅಲ್ಲಿ ನೀರು ಎಲ್ಲಿದೆಯೆಂದೂ ತಿಳಿಯದು. ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಡಿ ಅಪರಾಧ.

ಊಟ ಹಾಕುವವರಿಗೂ ಶಿಸ್ತು ಬೇಕು. ಒಂದೇ ಜಾಗ, ನಿಗದಿಯಾದ ಎರಡು ಹೊತ್ತು, ಅರ್ಧ ಗಂಟೆಯ ಬಳಿಕ ತಟ್ಟೆ ತೆಗೆದು ನೆಲ ಒರೆಸುವುದು. ಕಾರಿನ ಕೆಳಗೆ ಅನ್ನ ಸುರಿದು ಹೋಗುವವರಿಂದಲೇ ಬೆಕ್ಕಿಗೆ ಕೆಟ್ಟ ಹೆಸರು. ಎಂಜಿನ್ನಿನ ಬಿಸಿಗೆ ಬೆಕ್ಕು ಬಾನೆಟ್ಟಿನೊಳಗೆ ಸೇರುವುದರಿಂದ, ಕಾರು ಹೊರಡಿಸುವ ಮುನ್ನ ಬಾನೆಟ್ಟನ್ನು ಎರಡು ಸಲ ತಟ್ಟಿ ಎಂದು ನೆಲಮಾಳಿಗೆಯಲ್ಲಿ ಒಂದು ಫಲಕ ಹಾಕಿದರೆ ಎರಡೂ ಕಡೆಯವರು ಅದನ್ನು ಒಪ್ಪುತ್ತಾರೆ.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಕೆಲಸದವರಿಗೆ ಮರದ ದಿಮ್ಮಿಯ ಸಂದಿಯಲ್ಲಿ ಎರಡು ಬೆಕ್ಕಿನ ಮರಿಗಳು ಸಿಕ್ಕಿವೆ. ಮೈಮೇಲೆ ಚುಕ್ಕೆಗಳಿವೆ, ಬಹಳ ಸಾಧು, ಮಡಿಲಿಗೆ ಬಂದು ಮಲಗುತ್ತವೆ. ಹಾಲು ಕುಡಿಸುತ್ತಿದ್ದೇವೆ. ಸಾಕಬಹುದೇ?
— ಓದುಗರು, ಮೂಡಿಗೆರೆ

ಉತ್ತರ: ಚಿತ್ರ ಕಳಿಸಿದ್ದು ಒಳ್ಳೆಯದಾಯಿತು. ಇವು ಹಳೆಯ ಮೈಸೂರಿನವರ ಕೊತ್ತಿಯೂ ಅಲ್ಲ, ತುಳುವರ ಪುಚ್ಚೆಯೂ ಅಲ್ಲ. ಚಿರತೆಬೆಕ್ಕು ಎಂಬ ಕಾಡುಪ್ರಾಣಿಯ ಮರಿಗಳಂತೆ ಕಾಣುತ್ತಿವೆ. ಊರಬೆಕ್ಕಿನ ಮೈಯ ಪಟ್ಟೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನಿಮ್ಮ ಮರಿಗಳ ಮೈಯಲ್ಲಿ ಬಿಡಿ ಚುಕ್ಕೆಗಳಿವೆ, ಮೂಗಿನ ಬುಡದಿಂದ ಹಣೆಯ ಮೇಲೆ ಎದ್ದ ಬಿಳಿ ಗೆರೆಗಳಿವೆ, ಕಿವಿಯ ಹಿಂಬದಿ ಕಪ್ಪಾಗಿದ್ದು ನಡುವೆ ಸ್ಪಷ್ಟ ಬಿಳಿ ಮಚ್ಚೆಯಿದೆ. ಪಟ್ಟೆಯ ಊರಬೆಕ್ಕಿನ ಕಿವಿಯ ಹಿಂದೆಯೂ ಹೆಬ್ಬೆರಳು ಒತ್ತಿದಂಥ ಮಾಸಲು ಗುರುತಿರುವುದರಿಂದ ಇದೊಂದನ್ನೇ ನಂಬಬಾರದು. ಇಲ್ಲಿ ಮೂರೂ ಕೂಡಿವೆ. ಸಾಧುತನಕ್ಕೆ ಮೋಸಹೋಗಬೇಡಿ. ಮೂರು ವಾರದ ಮರಿ ಯಾವ ಮಡಿಲು ಬೆಚ್ಚಗಿದ್ದರೂ ಮಲಗುತ್ತದೆ, ಕೆಲವು ತಿಂಗಳು ಕಳೆದರೆ ಅದನ್ನು ಹಿಡಿಯಲೂ ಆಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ.

ಈ ಉತ್ತರವನ್ನು ನಿಮಗೆ ಅಂದೇ ದೂರವಾಣಿಯಲ್ಲಿ ತಿಳಿಸಿದ್ದೆವು. ಇತರ ತೋಟದವರ ಉಪಯೋಗಕ್ಕಾಗಿ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಹಸುವಿನ ಹಾಲು ನಿಲ್ಲಿಸಿ, ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಅವರು ಹೇಳಿದಂತೆ ಮರಿಗಳನ್ನು ಸಿಕ್ಕ ಜಾಗದಲ್ಲೇ, ಅದೇ ಸಂದಿಯಲ್ಲಿ, ಕತ್ತಲಾಗುವ ಮೊದಲು ಇಡಬೇಕು. ಮನುಷ್ಯರ ಕೈವಾಸನೆ ಹತ್ತಿದ ಮರಿಯನ್ನು ತಾಯಿ ಮುಟ್ಟುವುದಿಲ್ಲ ಎಂಬ ಮಾತನ್ನು ನಂಬಿ ಮರಿಗಳನ್ನು ಇಟ್ಟುಕೊಂಡವರು ಬಹಳ ಮಂದಿ. ತಾಯಿ ಸಾಮಾನ್ಯವಾಗಿ ಬಂದು ಕಚ್ಚಿಕೊಂಡು ಹೋಗುತ್ತದೆ. ಆದರೆ ಸುತ್ತ ಜನ, ನಾಯಿ, ಟಾರ್ಚಿನ ಬೆಳಕು ಇದ್ದರೆ ಹತ್ತಿರ ಸುಳಿಯುವುದಿಲ್ಲ. ಆ ರಾತ್ರಿ ನಾಯಿಗಳನ್ನು ಕಟ್ಟಿಹಾಕಿ, ಮರುದಿನ ಆ ಸಾಲಿನಲ್ಲಿ ಕೆಲಸ ಇಡಬೇಡಿ. ಬೆಳಗ್ಗೆ ಒಬ್ಬರೇ ಹೋಗಿ ದೂರದಿಂದ ನೋಡಿ. ಸಂದಿ ಖಾಲಿಯಾಗಿದ್ದರೆ ತಾಯಿ ಒಯ್ದಿರುವ ಸಂಭವವೇ ಹೆಚ್ಚು, ಮರಿಗಳು ಅಲ್ಲೇ ಇದ್ದರೆ ಅರಣ್ಯ ಇಲಾಖೆಯವರಿಗೆ ಮತ್ತೆ ತಿಳಿಸಿ.